ಪೆಲ್ಲಾಗ್ರವೆಂಬ ರೋಗವೂ ಅನ್ನದ ಕಾರಣವಿಚಾರವೂ



ನಿತ್ಯವೂ ನೂರಾರು ಜನರಿಗೆ ಅನ್ನವಿಕ್ಕುವ ಸ್ಥಳದಲ್ಲಿ ಅನ್ನವನ್ನೇ ಕುರಿತು ಒಂದು ವಿಚಾರವು ನಡೆಯುವದು ಅಪ್ರಸ್ತುತವೆನಿಸಲಾರದು. ಹಸಿದು ಬಂದವನಿಗೆ ಉಣಬಡಿಸುವದು ಧರ್ಮವೆಂಬದನ್ನು ಈ ಸಭೆಗೆ ಹೇಳಿಕೊಡಬೇಕಾದುದಿಲ್ಲ. ಆದರೆ ಎರಡು ಹೊತ್ತೂ ಹೊಟ್ಟೆತುಂಬ ಉಂಡ ಮನುಷ್ಯನು ಅನ್ನದ ದೋಷದಿಂದಲೇ ಚರ್ಮವು ಸುಟ್ಟಂತಾಗಿ, ಬಾಯಿ ಹುಣ್ಣಾಗಿ, ಬುದ್ಧಿ ಕೆಟ್ಟು ಸಾಯಬಹುದೆಂಬ ಸಂಗತಿಯು ಅಷ್ಟಾಗಿ ಜನರ ತಿಳಿವಳಿಕೆಗೆ ಬಂದಿರುವದಿಲ್ಲ. ಅಂಥದೊಂದು ರೋಗವು ಸುಮಾರು ಇನ್ನೂರು ವರ್ಷ ಯುರೋಪ ಖಂಡದ ಬಡ ಒಕ್ಕಲಿಗರನ್ನು ಪೀಡಿಸಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೇರಿಕದ ದಕ್ಷಿಣಭಾಗವನ್ನು ಹಣ್ಣುಮಾಡಿತು. ನಮ್ಮ ದಖ್ಖಣದ ಜೋಳದ ಸೀಮೆಯಲ್ಲಿಯೂ ತಲೆಯೆತ್ತಿತು. ಅದರ ಹೆಸರು ಪೆಲ್ಲಾಗ್ರ. ಜಗತ್ತಿನ ಆಹಾರದ ಏರ್ಪಾಡನ್ನೂ ಆರೋಗ್ಯದ ಏರ್ಪಾಡನ್ನೂ ಒಟ್ಟುಗೂಡಿಸಿ, ಜನರಿಗೆ ನಿಜವಾಗಿ ಒದಗಿದ ಸಂಕಟಗಳನ್ನೇ ಪಾಠವಾಗಿ ಇಟ್ಟುಕೊಂಡು ಕಲಿಸುವ ಪದ್ಧತಿಯು ಈಚೆಗೆ ವಿಶ್ವವಿದ್ಯಾಲಯಗಳಲ್ಲಿ ಬೆಳೆಯುತ್ತಲಿದೆ. ಆ ಪದ್ಧತಿಯ ಬಲವೇನೆಂಬದನ್ನು ತಿಳಿಯಲು ಈ ರೋಗದ ಚರಿತ್ರೆಗಿಂತ ಮಿಗಿಲಾದ ಉದಾಹರಣೆಯು ಸಿಕ್ಕುವದು ಕಷ್ಟ.

ಚರಿತ್ರೆಯು ಗೋವಿನಜೋಳದಿಂದ ಆರಂಭವಾಗುವದು. ಮೈಸೂರ ಕಡೆಯವರು ಇದನ್ನು ಮುಸುಕಿನಜೋಳವೆನ್ನುವರು. ಇದು ನಮ್ಮ ನೆಲದ ಬೆಳೆಯಲ್ಲ; ಯುರೋಪದ್ದೂ ಅಲ್ಲ. ಮೆಕ್ಸಿಕೋ ಮತ್ತು ಅದರ ನೆರೆಯ ದೇಶಗಳ ಜನರು ಸಾವಿರಾರು ವರ್ಷಗಳಿಂದ ಇದನ್ನು ಬಿತ್ತಿ ಬೆಳೆದು ಮುಖ್ಯಾಹಾರವನ್ನಾಗಿ ಮಾಡಿಕೊಂಡಿದ್ದರು. ಅಲ್ಲಿಯ ಹೆಣ್ಣುಮಕ್ಕಳು ಕಾಳನ್ನು ಹಾಗೆಯೇ ಬೀಸುತ್ತಿರಲಿಲ್ಲ. ಸುಣ್ಣವನ್ನೋ ಬೂದಿಯನ್ನೋ ಕಲಸಿದ ನೀರಿನಲ್ಲಿ ಅದನ್ನು ಕುದಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಮುಂಜಾನೆ ಸಿಪ್ಪೆ ಹೋಗುವಂತೆ ತೊಳೆದು, ಒರಳುಗಲ್ಲಿನ ಮೇಲೆ ಅರೆದು, ಹಿಟ್ಟನ್ನು ತಟ್ಟಿ ಹಂಚಿನ ಮೇಲೆ ಸುಡುತ್ತಿದ್ದರು. ಹೀಗೆ ಹದಗೊಳಿಸಿದ ಕಾಳಿಗೆ ಅವರಲ್ಲಿ ನಿಶ್ತಮಾಲ್ ಎಂದು ಹೆಸರು. ಅದರ ಜೊತೆಗೆ ಅವರೆಯ ಜಾತಿಯ ಕಾಳುಗಳನ್ನೂ, ಕುಂಬಳಕಾಯಿಯನ್ನೂ, ಮೆಣಸಿನಕಾಯಿಯನ್ನೂ ಉಣ್ಣುತ್ತಿದ್ದರು. ಸುಣ್ಣವನ್ನು ಏಕೆ ಹಾಕುವಿರೆಂದು ಕೇಳಿದ್ದರೆ ಸಿಪ್ಪೆ ಬೇಗ ಬಿಡುವದೆಂದೋ, ಹಿಟ್ಟಿಗೆ ಅಂಟು ಬರುವದೆಂದೋ ಹೇಳುತ್ತಿದ್ದರೇ ಹೊರತು ಮತ್ತೊಂದು ಕಾರಣವನ್ನು ಅವರು ಬಲ್ಲವರಾಗಿದ್ದಿಲ್ಲ. ಆದರೂ ಗೋವಿನಜೋಳವನ್ನೇ ಉಂಡು ಬದುಕಿದ ಆ ಜನರಲ್ಲಿ ಪೆಲ್ಲಾಗ್ರವು ಪಿಡುಗಾಗಿ ಬೆಳೆಯಲಿಲ್ಲ.

ಕೊಲಂಬಸನ ಯಾತ್ರೆಗಳ ತರುವಾಯ ಈ ಕಾಳು ಹಡಗನ್ನೇರಿ ಸ್ಪೇನಿಗೆ ಬಂದಿತು. ಕಾಳು ಬಂದಿತು, ಅದನ್ನು ಹದಗೊಳಿಸುವ ವಿದ್ಯೆ ಬರಲಿಲ್ಲ. ಹಡಗಿನವರು ಗಂಡಸರು, ಸೈನಿಕರು, ವ್ಯಾಪಾರಿಗಳು. ಅಡಿಗೆಮನೆಯೊಳಗೆ ಇಣಿಕಿ ನೋಡುವ ವ್ಯವಧಾನವು ಅವರಿಗೆ ಎಲ್ಲಿಂದ ಬರಬೇಕು? ಗೋಧಿಯಂತೆಯೇ ಇದೂ ಒಂದು ಕಾಳೆಂದು ತಿಳಿದು ಯುರೋಪದವರು ಹಾಗೆಯೇ ಬೀಸಿ ಅಂಬಲಿ ಮಾಡತೊಡಗಿದರು. ಗೋಧಿಗಿಂತ ಇದರ ಫಸಲು ಹೆಚ್ಚು, ಬೆಲೆ ಕಡಿಮೆ. ಆದುದರಿಂದ ಭೂಮಾಲಿಕರು ಗೋಧಿಯನ್ನು ಪೇಟೆಗೆ ಕಳಿಸಿ, ಒಕ್ಕಲುಮಕ್ಕಳ ಪಾಲಿಗೆ ಗೋವಿನಜೋಳವನ್ನು ಬಿಟ್ಟರು. ಉತ್ತರ ಸ್ಪೇನಿನಲ್ಲಿಯೂ ಉತ್ತರ ಇಟಲಿಯಲ್ಲಿಯೂ ಬಡವನ ತಟ್ಟೆಯಲ್ಲಿ ಚಳಿಗಾಲವೆಲ್ಲ ಅದೊಂದೇ ಉಳಿಯಿತು.

1735 ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ಗಾಸ್ಪಾರ್ ಕಸಾಲ್ ಎಂಬ ವೈದ್ಯನು ಒಕ್ಕಲಿಗರಲ್ಲಿ ವಿಚಿತ್ರವಾದ ಒಂದು ಚರ್ಮರೋಗವನ್ನು ಕಂಡು ಬರೆದಿಟ್ಟನು. ಅಂಗೈಯ ಹಿಂಬದಿ, ಪಾದದ ಮೇಲ್ಭಾಗ, ಕುತ್ತಿಗೆ, ಹೀಗೆ ಬಿಸಿಲು ತಾಕುವ ಕಡೆಯಲ್ಲೆಲ್ಲ ಚರ್ಮವು ಕೆಂಪಾಗಿ ಬಿರಿದು ಹಕ್ಕಳೆಗಟ್ಟುವದು. ಎಡಬಲಗಳಲ್ಲಿ ಒಂದೇ ಸಮನಾಗಿರುವದು. ಕೊರಳ ಸುತ್ತ ಹಾರ ಹಾಕಿದಂತೆ ಕಾಣುವ ಗುರುತಿಗೆ ಇಂದಿಗೂ ವೈದ್ಯರು ಕಸಾಲನ ಕಂಠಹಾರವೆಂದು ಹೇಳುವರು. ಆಮೇಲೆ ಅತಿಸಾರ, ಅದರಾಚೆಗೆ ಚಿತ್ತವಿಕಾರ, ಕಡೆಗೆ ಮರಣ. ಕಸಾಲನು ರೋಗಿಗಳ ಆಹಾರವನ್ನೂ ವಿಚಾರಿಸಿ, ಅದು ಬಹುಮಟ್ಟಿಗೆ ಗೋವಿನಜೋಳವೆಂದೂ, ಹಾಲು ಮಾಂಸಗಳು ಅಪರೂಪವೆಂದೂ ಗುರುತಿಸಿದ್ದನು. 1771 ರಲ್ಲಿ ಇಟಲಿಯ ಫ್ರಾನ್ಚೆಸ್ಕೋ ಫ್ರಪೊಲ್ಲಿ ಎಂಬವನು ಅಲ್ಲಿಯ ಹಳ್ಳಿಗರ ಮಾತನ್ನೇ ಹಿಡಿದು ಇದನ್ನು ಪೆಲ್ಲಾಗ್ರವೆಂದು ಗ್ರಂಥಕ್ಕೇರಿಸಿದನು. ಒರಟಾದ ಚರ್ಮವೆಂದು ಆ ಮಾತಿನ ಅರ್ಥ. 1881 ರ ಸುಮಾರಿಗೆ ಇಟಲಿಯೊಂದರಲ್ಲಿಯೇ ಈ ರೋಗದವರ ಸಂಖ್ಯೆಯು 1 ಲಕ್ಷವನ್ನು ಮೀರಿತ್ತು.

ಇಲ್ಲಿ ತರ್ಕಶಾಸ್ತ್ರವನ್ನು ಓದಿದವರಿಗೆ ಒಂದು ಸಂಗತಿಯು ಹೊಳೆಯದೆ ಇರಲಾರದು. ಧೂಮವಿದ್ದಲ್ಲಿ ಅಗ್ನಿಯಿದೆ ಎನ್ನುವದು ಸರಿ. ಅಗ್ನಿಯಿದ್ದಲ್ಲೆಲ್ಲ ಧೂಮವಿದೆ ಎಂದರೆ ತಪ್ಪು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯುಂಟು, ಹೊಗೆಯಿಲ್ಲ. ಹಸಿಕಟ್ಟಿಗೆಯ ಸಂಬಂಧವೆಂಬ ಉಪಾಧಿಯು ಕೂಡಿದಾಗಲೇ ಹೊಗೆ ಏಳುವದು. ಅದರಂತೆ, ಗೋವಿನಜೋಳವನ್ನು ಉಂಡಲ್ಲೆಲ್ಲ ಪೆಲ್ಲಾಗ್ರವುಂಟೆಂದು ಯುರೋಪದ ಪಂಡಿತರು ವಾದಿಸುತ್ತಿರುವಾಗ ಮೆಕ್ಸಿಕೋ ದೇಶವು ಕಾಯ್ದ ಕಬ್ಬಿಣದ ಗುಂಡಿನಂತೆ ಅವರ ಕಣ್ಣೆದುರಿಗೇ ಇತ್ತು. ಉಪಾಧಿಯು ಯಾವದೆಂದು ಹುಡುಕಬೇಕಾಗಿದ್ದಿತು. ಹುಡುಕಿದವರು ಇಲ್ಲವೆಂದಲ್ಲ, ಆದರೆ ಹುಡುಕಿದುದು ಕಾಳಿನೊಳಗಿನ ವಿಷವನ್ನು. ಇಟಲಿಯ ಲೊಂಬ್ರೋಸೋ ಎಂಬ ಪ್ರಖ್ಯಾತ ಪಂಡಿತನು ಬೂಷ್ಟು ಹಿಡಿದ ಗೋವಿನಜೋಳದಲ್ಲಿ ವಿಷವು ಹುಟ್ಟುವದೆಂದು ಬಹುಕಾಲ ಸಾಧಿಸಿದನು. ಬೇರೆ ಕೆಲವರು ರೋಗವು ವಂಶದಲ್ಲಿಯೇ ಬರುವದೆಂದರು. ಕ್ರಿಮಿಗಳಿಂದ ಅನೇಕ ರೋಗಗಳು ಹರಡುವವೆಂದು ಸಿದ್ಧವಾದ ಮೇಲಂತೂ ಇದೂ ಒಂದು ಅಂಟುರೋಗವೆಂದು ಹೇಳುವವರ ಪಕ್ಷವೇ ಬಲವಾಯಿತು. ಇರುವದರಿಂದ ರೋಗವಾಗುವದೆಂದು ಎಲ್ಲರೂ ನಂಬಿದ್ದರು. ಇಲ್ಲದಿರುವದರಿಂದಲೂ ರೋಗವಾಗುವದೆಂಬ ಮಾತು, ಅಂದರೆ ಅಭಾವಕ್ಕೂ ಕಾರಣತ್ವವುಂಟೆಂಬ ಮಾತು, ಆ ಕಾಲದ ವೈದ್ಯರಿಗೆ ಸುಲಭವಾಗಿ ರುಚಿಸುವಂತಿದ್ದಿಲ್ಲ.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ರೋಗವು ದೊಡ್ಡ ಪ್ರಮಾಣದಲ್ಲಿ ಗೋಚರಿಸಿದ್ದು 1906 ರಲ್ಲಿ. ಅಲಬಾಮಾ ಪ್ರಾಂತದಲ್ಲಿ ಕರಿಯ ಜನರಿಗಾಗಿ ಇದ್ದ ಚಿತ್ತವಿಕಲರ ಆಸ್ಪತ್ರೆಯೊಂದರಲ್ಲಿ ಅದು ಒಮ್ಮೆಲೆ ಕಾಣಿಸಿಕೊಂಡು, ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಪ್ರಾಂತಗಳಲ್ಲೆಲ್ಲ ಹಬ್ಬಿತು. ಗೋವಿನಜೋಳವನ್ನು ಅಲ್ಲಿಯವರು ಹಿಂದಿನಿಂದಲೂ ಉಣ್ಣುತ್ತ ಬಂದವರೇ. ಹಾಗಾದರೆ ಆಗಲೇ ಏಕೆ? ಇದಕ್ಕೆ ಎರಡು ಮೂರು ಸಂಗತಿಗಳು ಕೂಡಿ ಬಂದವು. ಹತ್ತಿಯ ಬೆಲೆಯ ಆಸೆಯಿಂದ ಮನೆಯ ಹೊಸ್ತಿಲವರೆಗೂ ಹತ್ತಿಯನ್ನೇ ಬಿತ್ತಿದ್ದರಿಂದ ಕಾಯಿಪಲ್ಯಕ್ಕೆ ಹಿತ್ತಲವಿಲ್ಲ, ಆಕಳಿಗೆ ಹುಲ್ಲಿಲ್ಲ. ಕೋರಿನಿಂದ ಹೊಲ ಮಾಡುವವರು ವರ್ಷವೆಲ್ಲ ಅಂಗಡಿಯಲ್ಲಿ ಉದ್ರಿ ತಂದು ಉಣ್ಣಬೇಕು. ಅಂಗಡಿಯವನು ಕೊಡುವದು ಗೋವಿನಜೋಳದ ಹಿಟ್ಟು, ಉಪ್ಪುಹಾಕಿದ ಹಂದಿಯ ಕೊಬ್ಬು, ಕಾಕಂಬಿ ಈ ಮೂರೇ. ಇನ್ನು ಹಿಟ್ಟು ಕೂಡ ಮೊದಲಿನದಲ್ಲ. ಊರ ಬೀಸುಗಲ್ಲಿನಲ್ಲಿ ಇಡಿಯ ಕಾಳು ಹಿಟ್ಟಾಗುತ್ತಿದ್ದ ಕಾಲ ಹೋಗಿ, ದೂರದ ಗಿರಣಿಗಳಲ್ಲಿ ಕಾಳಿನ ಅಂಕುರವನ್ನು ಯಂತ್ರದಿಂದ ಬೇರ್ಪಡಿಸಿ ತೆಗೆದ ಹಿಟ್ಟು ರೈಲಿನಲ್ಲಿ ಬರತೊಡಗಿತು. ಅಂಕುರವಿದ್ದರೆ ಹಿಟ್ಟು ಬೇಗ ಮುಗ್ಗಾಗುವದು. ತೆಗೆದರೆ ಬಹುದಿನ ತಾಳುವದು. ವ್ಯಾಪಾರಕ್ಕೆ ಇದು ಅನುಕೂಲ. ಉಣ್ಣುವವನಿಗೆ ಅದರಲ್ಲಿದ್ದ ಅಲ್ಪಸ್ವಲ್ಪ ಸತ್ವವೂ ತಪ್ಪಿತು. ರೋಗದ ಹೆಚ್ಚಳಕ್ಕೆ ಈ ಯಂತ್ರವೂ ಒಂದು ಕಾರಣವೆಂದು ಈಚಿನ ವಿದ್ವಾಂಸರು ಅನೇಕರು ಅಭಿಪ್ರಾಯಪಡುವರು.

1914 ರಲ್ಲಿ ಸರಕಾರವು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಈ ರೋಗದ ಶೋಧಕ್ಕಾಗಿ ನಿಯಮಿಸಿತು. ಈತನು 1874 ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ನ್ಯೂಯಾರ್ಕಿಗೆ ಬಂದವನು. ಅಂಟುರೋಗಗಳ ವಿಷಯದಲ್ಲಿ ಪರಿಣತನಾಗಿ, ಅವುಗಳನ್ನು ಶೋಧಿಸುತ್ತ ತಾನೇ ಅವುಗಳಲ್ಲಿ ಕೆಲವಕ್ಕೆ ತುತ್ತಾಗಿ ಬದುಕಿದವನು. ಅಂಥವನು ದಕ್ಷಿಣದ ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ಸುತ್ತಿ ಮೊದಲು ಮಾಡಿದ ಕೆಲಸವೆಂದರೆ ನೋಡುವದು. ರೋಗಿಗಳ ನಡುವೆ ಹಗಲಿರುಳು ಓಡಾಡುವ ದಾದಿಯರಿಗೂ ಸೇವಕರಿಗೂ ರೋಗವಿಲ್ಲ. ಇದು ಅಂಟುವಂಥದಾಗಿದ್ದರೆ ಆಸ್ಪತ್ರೆಯ ಗೋಡೆಯೊಳಗೆ ಈ ಭೇದವನ್ನು ಹೇಗೆ ಅರಿಯಿತು? ಸೇವಕರಿಗೂ ರೋಗಿಗಳಿಗೂ ಅಡಿಗೆಯು ಒಂದೇ ಎಂದು ಅಧಿಕಾರಿಗಳು ಹೇಳುತ್ತಿದ್ದರು. ಊಟದ ಹೊತ್ತಿನಲ್ಲಿ ನಿಂತು ನೋಡಿದಾಗ, ಒಳ್ಳೆಯ ಪದಾರ್ಥವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಸೇವಕರಿಗಿತ್ತು, ರೋಗಿಗಳಿಗೆ ಇರಲಿಲ್ಲ.

ಮಿಸಿಸಿಪಿ ಪ್ರಾಂತದ ಜ್ಯಾಕ್ಸನ್ ಪಟ್ಟಣದ ಅನಾಥಾಲಯಗಳಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವು ಸಿಕ್ಕಿತು. ಅಲ್ಲಿ ರೋಗವು ಹೆಚ್ಚಾಗಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇತ್ತು. ಅದಕ್ಕಿಂತ ಚಿಕ್ಕವರಿಗೂ ದೊಡ್ಡವರಿಗೂ ಬಹುಶಃ ಇಲ್ಲ. ಚಿಕ್ಕ ಕೂಸುಗಳಿಗೆ ಹಾಲು ಕೊಡುತ್ತಿದ್ದರು. ದೊಡ್ಡ ಹುಡುಗರು ಹೊಲದಲ್ಲಿ ದುಡಿಯುವವರಾದ್ದರಿಂದ ಅವರಿಗೆ ಮಾಂಸವು ದೊರೆಯುತ್ತಿತ್ತು. ನಡುವಿನವರು ಕೂಸುಗಳೂ ಅಲ್ಲ, ದುಡಿಯುವವರೂ ಅಲ್ಲ. ಅವರ ಪಾಲಿಗೆ ಹಿಟ್ಟಿನ ಗಂಜಿಯೂ ಕಾಕಂಬಿಯೂ ಉಳಿದಿದ್ದವು. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಪಂಕ್ತಿಯ ನಡುವೆ ಕೂತವರಿಗೆ ಆಗುವ ಗತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಗೋಲ್ಡ್‌ಬರ್ಗರನು ಸರಕಾರದ ದುಡ್ಡಿನಿಂದ ಆ ಮಕ್ಕಳೆಲ್ಲರಿಗೂ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದನು. ಮತ್ತೇನನ್ನೂ ಬದಲಿಸಲಿಲ್ಲ, ಕೋಣೆಗಳನ್ನು ತೊಳೆಯಿಸಲಿಲ್ಲ, ರೋಗಿಗಳನ್ನು ಬೇರೆ ಇರಿಸಲಿಲ್ಲ. ಮುಂದಿನ ವಸಂತದಲ್ಲಿ, ಅಂದರೆ ರೋಗವು ಮರಳಿ ಬರಬೇಕಾದ ಕಾಲದಲ್ಲಿ, ಅದು ಹೆಚ್ಚುಕಡಿಮೆ ಕಾಣದಂತಾಯಿತು. ಸರಕಾರದ ದುಡ್ಡು ನಿಂತು ಹಳೆಯ ಊಟವು ಮರಳಿ ಬಂದಾಗ ರೋಗವೂ ಮರಳಿತು. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವದಾದರೆ ವ್ಯತಿರೇಕವು ಸಿದ್ಧವಾಯಿತು. ಇನ್ನು ಅನ್ವಯವು ಬೇಕಷ್ಟೆ: ಆರೋಗ್ಯವಂತನಿಗೆ ಆ ಊಟವನ್ನೇ ಕೊಟ್ಟರೆ ರೋಗವು ಬರಬೇಕು.

ಅದಕ್ಕಾಗಿ 1915 ರಲ್ಲಿ ರ್‍ಯಾಂಕಿನ್ ಎಂಬ ಸೆರೆಮನೆಯ ಹೊಲದಲ್ಲಿ ದುಡಿಯುತ್ತಿದ್ದ ಹನ್ನೆರಡು ಜನ ಬಂದಿಗಳನ್ನು ಆರಿಸಲಾಯಿತು. ಒಪ್ಪಿದವರಿಗೆ ಬಿಡುಗಡೆಯಾಗುವದೆಂದು ಪ್ರಾಂತದ ಗವರ್ನರನು ವಚನವಿತ್ತನು. ಒಬ್ಬನನ್ನು ಬೇರೆ ಕಾಯಿಲೆಗಾಗಿ ಕೈಬಿಡಲಾಯಿತು. ಉಳಿದ ಹನ್ನೊಂದು ಜನರಿಗೆ ಗೋವಿನಜೋಳ, ಬಿಳಿಯ ಹಿಟ್ಟು, ಅಕ್ಕಿ, ಗೆಣಸು, ಕಾಕಂಬಿ ಮೊದಲಾದವುಗಳ ಊಟ. ಹಾಲಿಲ್ಲ, ಮಾಂಸವಿಲ್ಲ, ಕಾಳುಗಳಿಲ್ಲ. ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆರು ತಿಂಗಳೊಳಗಾಗಿ ಆರು ಜನರಲ್ಲಿ ಪೆಲ್ಲಾಗ್ರದ ಚಿಹ್ನಗಳು ಮೂಡಿದವು. ಅದೇ ಸೆರೆಮನೆಯಲ್ಲಿ ಸಾಮಾನ್ಯ ಊಟದ ಮೇಲಿದ್ದ ಇತರರಿಗೆ ಏನೂ ಆಗಲಿಲ್ಲ. ಅನ್ವಯವೂ ಸಿದ್ಧವಾಯಿತು. ಆದರೆ ಬಂಧನದಲ್ಲಿರುವವನು ಬಿಡುಗಡೆಯ ಆಸೆಯಿಂದ ಕೊಡುವ ಒಪ್ಪಿಗೆಯು ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಬದಿಗೊತ್ತಲಾಗದು. ಇಂದಿನ ವೈದ್ಯನೀತಿಯು ಅಂಥ ಪ್ರಯೋಗವನ್ನು ಸಮ್ಮತಿಸುವದಿಲ್ಲ. ಸಮ್ಮತಿಸದೆ ಇರುವದೇ ನ್ಯಾಯ.

ಇಷ್ಟಾದರೂ ಪ್ರತಿಪಕ್ಷದವರು ಸುಮ್ಮನಾಗಲಿಲ್ಲ. ಅಂಟುರೋಗವೆಂಬ ವಾದವನ್ನೇ ಹಿಡಿದು ಗೋಲ್ಡ್‌ಬರ್ಗರನನ್ನು ಹೀಯಾಳಿಸಿದರು. ಆಗ ಅವನು 1916 ರಲ್ಲಿ ಕೈಕೊಂಡ ಕಾರ್ಯವು ಸಭೆಯಲ್ಲಿ ಹೇಳಲು ಸಂಕೋಚವಾಗುವಂಥದು. ರೋಗಿಗಳ ರಕ್ತವನ್ನು ತನ್ನ ಮೈಯಲ್ಲಿ ಚುಚ್ಚಿಸಿಕೊಂಡನು. ಅವರ ಮೂಗುಗಂಟಲುಗಳ ಶ್ಲೇಷ್ಮವನ್ನು ತನ್ನ ಮೂಗುಗಂಟಲುಗಳಿಗೆ ಸವರಿಕೊಂಡನು. ಅವರ ಚರ್ಮದ ಹೊಟ್ಟು, ಮಲ, ಮೂತ್ರಗಳನ್ನು ಹಿಟ್ಟಿನಲ್ಲಿ ಉಂಡೆಮಾಡಿ ನುಂಗಿದನು. ತಾನೊಬ್ಬನೇ ಅಲ್ಲ, ಸಹೋದ್ಯೋಗಿಗಳೂ ಕೂಡಿ ಹದಿನಾರು ಜನರು ಇದರಲ್ಲಿ ಪಾಲ್ಗೊಂಡರು. ಅವನ ಹೆಂಡತಿ ಮೇರಿಯು ತಾನೂ ನುಂಗುವೆನೆಂದು ಹಟಹಿಡಿಯಲು, ಗಂಡಸರು ಅದಕ್ಕೊಪ್ಪದೆ ಅವಳಿಗೆ ರೋಗಿಯ ರಕ್ತವನ್ನು ಚುಚ್ಚಿದರು. ಒಬ್ಬರಿಗೂ ಪೆಲ್ಲಾಗ್ರವಾಗಲಿಲ್ಲ.

ಇಷ್ಟರಮಟ್ಟಿಗೆ ಇದು ವೈದ್ಯನ ಕಥೆ. ಪೆಲ್ಲಾಗ್ರದ ಚರಿತ್ರೆಯಲ್ಲಿ ಹೆಚ್ಚು ಮನನ ಮಾಡತಕ್ಕ ಭಾಗವು ಇದರ ಮುಂದಿನದು. ಒಳ್ಳೆಯ ಊಟದಿಂದ ರೋಗವು ಹೋಗುವದೆಂದು ತಿಳಿದ ಮೇಲೆ, ಜನರು ಒಳ್ಳೆಯ ಊಟವನ್ನು ಏಕೆ ಮಾಡುವದಿಲ್ಲ ಎಂಬ ಪ್ರಶ್ನೆಯು ಏಳುವದು. ಅಜ್ಞಾನದಿಂದ ಮಾಡುವದಿಲ್ಲವೆಂದು ಉತ್ತರಿಸುವದು ಸುಲಭ. ಉಂಡವರು ಬಹುಶಃ ಹಾಗೆಯೇ ಉತ್ತರಿಸುವರು. ಗೋಲ್ಡ್‌ಬರ್ಗರನು ಈ ಉತ್ತರದಿಂದ ತೃಪ್ತನಾಗಲಿಲ್ಲ. ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನನ್ನು ಜೊತೆಗೂಡಿಸಿಕೊಂಡು 1916 ರಲ್ಲಿ ದಕ್ಷಿಣ ಕ್ಯಾರೊಲೈನಾ ಪ್ರಾಂತದ ಏಳು ಹತ್ತಿಗಿರಣಿಯ ಹಳ್ಳಿಗಳನ್ನು ಪರೀಕ್ಷೆಗೆ ಎತ್ತಿಕೊಂಡನು. ವೈದ್ಯನೂ ಅರ್ಥಶಾಸ್ತ್ರಜ್ಞನೂ ಒಂದೇ ಹಳ್ಳಿಯ ಒಂದೇ ಓಣಿಯಲ್ಲಿ ಮನೆಮನೆಗೆ ತಿರುಗಿದ ಉದಾಹರಣೆಯು ಅದಕ್ಕೆ ಮುಂಚೆ ಹೆಚ್ಚಾಗಿ ಇದ್ದಂತಿಲ್ಲ.

ಅವರ ಕೆಲಸದ ರೀತಿಯು ಹೀಗಿತ್ತು. ಗಿರಣಿಯ ಆಳುಗಳ ಪ್ರತಿಯೊಂದು ಮನೆಗೂ ಎರಡು ವಾರಕ್ಕೊಮ್ಮೆ ಹೋಗಿ ಯಾರಿಗಾದರೂ ರೋಗದ ಚಿಹ್ನವಿದೆಯೇ ಎಂದು ನೋಡುವದು. ವಸಂತಕಾಲದಲ್ಲಿ ಹದಿನೈದು ದಿವಸಗಳ ಮಟ್ಟಿಗೆ ಪ್ರತಿ ಮನೆಗೆ ಯಾವ ಯಾವ ಪದಾರ್ಥವು ಎಷ್ಟೆಷ್ಟು ಬಂದಿತೆಂದು ಬರೆದಿಡುವದು. ಅಂಗಡಿಯಿಂದ ಬಂದದ್ದೆಷ್ಟು, ಹಿತ್ತಲಿನಿಂದ ಬಂದದ್ದೆಷ್ಟು, ಆಕಳಿದೆಯೇ, ಕೋಳಿಗಳಿವೆಯೇ. ಮನೆಯಲ್ಲಿ ದುಡಿಯುವವರೆಷ್ಟು, ಉಣ್ಣುವವರೆಷ್ಟು, ಕೂಲಿಯೆಷ್ಟು. ವಸಂತವನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಚಳಿಗಾಲದ ಕೊನೆಗೆ ಹಿತ್ತಲು ಒಣಗಿ, ಆಕಳು ಹಾಲು ಕಡಿಮೆ ಮಾಡಿ, ಸಂಗ್ರಹವು ತೀರಿದ ಮೇಲೆ ಬರುವ ತಿಂಗಳುಗಳಲ್ಲಿಯೇ ರೋಗವು ಹೊರಬೀಳುತ್ತಿತ್ತು.

ಫಲಿತವು ಎರಡು ಬಗೆಯಾಗಿ ಕಂಡುಬಂದಿತು. ಮೊದಲನೆಯದು ಎಲ್ಲರೂ ಊಹಿಸಬಹುದಾದದ್ದು: ತಲೆಗೆ ಬೀಳುವ ಆದಾಯವು ಏರಿದಂತೆಲ್ಲ ರೋಗವು ಇಳಿಯುತ್ತ ಹೋಗುವದು. ಎರಡನೆಯದು ಅಷ್ಟು ಸುಲಭವಾಗಿ ಊಹೆಗೆ ಬರುವಂಥದಲ್ಲ. ಕೂಲಿಯು ಹೆಚ್ಚುಕಡಿಮೆ ಒಂದೇ ಆಗಿದ್ದ ಎರಡು ಹಳ್ಳಿಗಳಲ್ಲಿ ಒಂದರಲ್ಲಿ ರೋಗವು ತುಂಬಿ ತುಳುಕುತ್ತಿತ್ತು. ಇನ್ನೊಂದರಲ್ಲಿ ಇರಲೇ ಇಲ್ಲ. ಹುಡುಕಿ ನೋಡಲಾಗಿ, ರೋಗವಿಲ್ಲದ ಹಳ್ಳಿಯಲ್ಲಿ ತಾಜಾ ಮಾಂಸದ ಅಂಗಡಿಯು ಪ್ರತಿನಿತ್ಯವೂ ತೆರೆದಿರುತ್ತಿತ್ತು. ಸುತ್ತಲಿನ ಒಕ್ಕಲಿಗರು ತರತರದ ಬೆಳೆಗಳನ್ನು ಬೆಳೆದು ಹಾಲು ಬೆಣ್ಣೆ ತರಕಾರಿಗಳನ್ನು ಗಿರಣಿಯವರ ಮನೆಬಾಗಿಲಿಗೆ ತಂದು ಮಾರುತ್ತಿದ್ದರು. ರೋಗದ ಹಳ್ಳಿಯ ಸುತ್ತಲೂ ಕಣ್ಣು ಹರಿಯುವವರೆಗೆ ಹತ್ತಿಯೇ ಇತ್ತು. ಅಲ್ಲಿ ಕೈಯಲ್ಲಿ ನಾಲ್ಕು ಕಾಸು ಇದ್ದವನಿಗೂ ಕೊಂಡು ತರಲು ಹಾಲು ಇದ್ದಿಲ್ಲ. ಹೊಲದ ಬೆಳೆಯ ಆಯ್ಕೆಯು ಊರಿನ ಹೆಂಗಸರ ಕೈಯ ಚರ್ಮದ ಮೇಲೆ ಬರೆದು ಕಾಣಿಸುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಹೆಂಗಸರ ಎಂದು ವಿಶೇಷಿಸಿ ಹೇಳಿದ್ದು ಬೇಕೆಂತಲೇ. ಈ ರೋಗದಿಂದ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚಾಗಿ ಸತ್ತರು. ಮನೆಯಲ್ಲಿ ಇದ್ದಷ್ಟು ಹಾಲು ಮಕ್ಕಳಿಗೆ, ಇದ್ದಷ್ಟು ಮಾಂಸ ದುಡಿದು ಬಂದ ಗಂಡನಿಗೆ; ಕಡೆಗೆ ಉಣ್ಣುವವಳಿಗೆ ಉಳಿದ ಹಿಟ್ಟು. ಶರೀರಶಾಸ್ತ್ರದ ಬೇರೆ ಕಾರಣಗಳನ್ನೂ ಪಂಡಿತರು ಹೇಳುವರು. ಅವು ಇರಲಿ, ಈ ಒಂದು ಕಾರಣವನ್ನು ತಿಳಿಯಲು ಪಾಂಡಿತ್ಯವು ಬೇಕಾಗಿರುವದಿಲ್ಲ.

1920 ರಲ್ಲಿ ಹತ್ತಿಯ ಬೆಲೆಯು ಒಮ್ಮೆಲೆ ಕುಸಿಯಿತು. ಮುಂದಿನ ವರ್ಷ ದಕ್ಷಿಣದಲ್ಲಿ ರೋಗವು ಹೆಚ್ಚುವದೆಂದು ಗೋಲ್ಡ್‌ಬರ್ಗರನು ಎಚ್ಚರಿಸಿದನು. ಅಧ್ಯಕ್ಷ ಹಾರ್ಡಿಂಗನು ಕಳವಳಗೊಂಡು ಸಹಾಯದ ಮಾತನ್ನೆತ್ತಿದೊಡನೆ ದಕ್ಷಿಣದ ಮುಖಂಡರು ಕೆರಳಿದರು. ನಮ್ಮ ನಾಡಿನಲ್ಲಿ ಕ್ಷಾಮವಿಲ್ಲ, ನಮಗೆ ಯಾರ ಭಿಕ್ಷೆಯೂ ಬೇಡ, ಇದೆಲ್ಲ ನಮ್ಮ ಹೆಸರನ್ನು ಕೆಡಿಸುವ ಹುನ್ನಾರವೆಂದು ಕೂಗಾಡಿದರು. ರೋಗವು ಕೂಗಾಟವನ್ನು ಕೇಳುವದಿಲ್ಲ. 1906 ರಿಂದ 1940 ರ ವರೆಗೆ ಆ ದೇಶದಲ್ಲಿ ಸುಮಾರು 30 ಲಕ್ಷ ಜನರಿಗೆ ಪೆಲ್ಲಾಗ್ರವಾಗಿ, ಸುಮಾರು 1 ಲಕ್ಷ ಜನರು ಮಡಿದರೆಂದು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಕರಿಯ ಜನರ ಪಾಲು ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚು.

ಗೋಲ್ಡ್‌ಬರ್ಗರನು ಬಡವರಿಗೆ ಎಟುಕುವ ಮದ್ದನ್ನು ಹುಡುಕುತ್ತಲೇ ಇದ್ದನು. ನಾಯಿಗಳಿಗೆ ಅದೇ ಬಗೆಯ ಊಟದಿಂದ ಬರುವ ಕರಿನಾಲಗೆಯೆಂಬ ರೋಗದ ಮೇಲೆ ಪ್ರಯೋಗಮಾಡಿ, ಮದ್ಯ ತಯಾರಿಸುವಲ್ಲಿ ಸಿಕ್ಕುವ ಯೀಸ್ಟ್ ಎಂಬ ಹುದುಗಿನಿಂದ ಅದು ವಾಸಿಯಾಗುವದೆಂದು ಕಂಡುಕೊಂಡನು. 1927 ರಲ್ಲಿ ಮಿಸಿಸಿಪಿ ಮಹಾನದಿಯ ನೆರೆಯಿಂದ ಲಕ್ಷಾಂತರ ಜನರು ನೆಲೆಗೆಟ್ಟಾಗ ರೆಡ್ ಕ್ರಾಸ್ ಸಂಸ್ಥೆಯ ಮೂಲಕ ಈ ಯೀಸ್ಟನ್ನು ಹಂಚಿ ಅನೇಕರನ್ನು ಉಳಿಸಲಾಯಿತು. 1929 ರ ಜನವರಿಯಲ್ಲಿ ಗೋಲ್ಡ್‌ಬರ್ಗರನು ತೀರಿಕೊಂಡನು. ಇಲ್ಲದೆ ಇರುವ ಆ ದ್ರವ್ಯವು ಯಾವದೆಂಬದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ.

ತಿಳಿದದ್ದು 1937 ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್ ಎಂಬವನು ನಿಕೋಟಿನಿಕ್ ಆಮ್ಲದಿಂದ ಕರಿನಾಲಗೆಯನ್ನು ವಾಸಿಮಾಡಿದನು. ಬಹುಬೇಗನೆ ಮನುಷ್ಯರಿಗೂ ಅದು ಗುಣಕೊಟ್ಟಿತು. ಇಂದು ಅದಕ್ಕೆ ನಯಾಸಿನ್ ಎಂದು ಹೆಸರು. ವಿನೋದದ ಸಂಗತಿಯೆಂದರೆ ಈ ವಸ್ತುವು ಹತ್ತೊಂಬತ್ತನೆಯ ಶತಮಾನದಿಂದಲೂ ರಸಾಯನಶಾಲೆಗಳ ಬಾಟಲಿಗಳಲ್ಲಿ ಇದ್ದೇ ಇತ್ತು. ಬೆರಿಬೆರಿ ರೋಗದ ಮದ್ದನ್ನು ಅಕ್ಕಿಯ ತೌಡಿನಲ್ಲಿ ಹುಡುಕುತ್ತಿದ್ದ ಕಾಸಿಮಿರ್ ಫುಂಕನಿಗೆ ಇದು ಸಿಕ್ಕಿಯೂ, ಬೆರಿಬೆರಿಗೆ ಉಪಯೋಗವಿಲ್ಲವೆಂದು ಅವನು ಬದಿಗಿಟ್ಟಿದ್ದನು. 1945 ರಲ್ಲಿ ಎಲ್ವೆಹೆಮ್ಮನೂ ಅವನ ಸಂಗಡಿಗರೂ ಮತ್ತೊಂದು ಗಂಟನ್ನು ಬಿಡಿಸಿದರು. ಆ ಸಂಗಡಿಗರಲ್ಲಿ ಪಿ. ಎಸ್. ಶರ್ಮ ಎಂಬ ಭಾರತೀಯರೂ ಒಬ್ಬರು. ಹಾಲಿನಲ್ಲಿ ನಯಾಸಿನ್ ಕಡಿಮೆ. ಆದರೂ ಹಾಲಿನಿಂದ ಪೆಲ್ಲಾಗ್ರವು ಹೋಗುವದೇಕೆ? ಹಾಲಿನ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಂಶವು ಸಾಕಷ್ಟಿದೆ. ಅದರಿಂದ ದೇಹವು ತಾನೇ ನಯಾಸಿನನ್ನು ಮಾಡಿಕೊಳ್ಳುವದು, ಸುಮಾರು 60 ಭಾಗಕ್ಕೆ 1 ಭಾಗದಂತೆ. ಗೋವಿನಜೋಳದಲ್ಲಿ ಟ್ರಿಪ್ಟೊಫಾನ್ ಬಹಳ ಕಡಿಮೆ. ಅದರಲ್ಲಿ ನಯಾಸಿನ್ ಇದ್ದರೂ ಅದು ಗಂಟುಕಟ್ಟಿದಂತೆ ಬೇರೆ ದ್ರವ್ಯಗಳಿಗೆ ಬಿಗಿದುಕೊಂಡು ಜೀರ್ಣಕ್ಕೆ ಒದಗುವದಿಲ್ಲ. ಆ ಗಂಟು ಸುಣ್ಣದ ನೀರಿನಲ್ಲಿ ಕುದಿಸಿದರೆ ಬಿಚ್ಚುವದು. ಮೆಕ್ಸಿಕೋದ ಹೆಣ್ಣುಮಕ್ಕಳು ದಿನವೂ ಮಾಡುತ್ತಿದ್ದ ಕಾರ್ಯದ ಅರ್ಥವು ಪಂಡಿತರಿಗೆ ತಿಳಿಯುವದಕ್ಕೆ ಕೊಲಂಬಸನಿಂದಾಚೆಗೆ ನಾಲ್ಕುನೂರೈವತ್ತು ವರ್ಷಗಳಾದರೂ ಬೇಕಾದವು.

ಅಮೇರಿಕದಲ್ಲಿ 1940 ರ ತರುವಾಯ ಹಿಟ್ಟಿಗೂ ರೊಟ್ಟಿಗೂ ನಯಾಸಿನ್ ಬೆರೆಸತೊಡಗಿದರು. ಯುದ್ಧಕಾಲದಲ್ಲಿ ಕೂಲಿಯೂ ಏರಿತು. ಹತ್ತಿಯ ಹಿಡಿತವೂ ಸಡಿಲಿತು. ರೋಗವು ಅಡಗಿತು. ಯಾವದರಿಂದ ಎಷ್ಟು ಅಡಗಿತೆಂದು ಚರಿತ್ರಕಾರರು ಇನ್ನೂ ಚರ್ಚಿಸುವರು.

ಇನ್ನು ನಮ್ಮ ದಖ್ಖಣಕ್ಕೆ ಬರಬಹುದು. ಹೈದರಾಬಾದಿನ ಸುತ್ತಲಿನ ಸೀಮೆಯಲ್ಲಿ ಬಿಳಿಜೋಳದ ರೊಟ್ಟಿಯನ್ನೇ ಉಣ್ಣುವ ಬಡಕೂಲಿಗಳಲ್ಲಿ ಪೆಲ್ಲಾಗ್ರವು ಋತುವಿನಲ್ಲಿ ತಪ್ಪದೆ ಕಾಣಿಸುತ್ತಿತ್ತು. ಕೂನೂರಿನಿಂದ ಹೈದರಾಬಾದಿಗೆ ಸ್ಥಳಾಂತರಗೊಂಡಿದ್ದ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಎಂಬವರು ಇದನ್ನು ವಿಚಾರಕ್ಕೆತ್ತಿಕೊಂಡರು. ಪರದೇಶದ ಸಿದ್ಧಾಂತವು ಇಲ್ಲಿ ಹಾಗೆಯೇ ಅನ್ವಯಿಸಲಿಲ್ಲ. ಬಿಳಿಜೋಳದಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯಿಲ್ಲ. ಟ್ರಿಪ್ಟೊಫಾನ್ ಗೋವಿನಜೋಳದಷ್ಟು ಕೊರತೆಯಾಗಿಲ್ಲ. ಹಾಗಾದರೆ ರೋಗವೇಕೆ? ಜೋಳದಲ್ಲಿಯೂ ಗೋವಿನಜೋಳದಲ್ಲಿಯೂ ಲ್ಯೂಸಿನ್ ಎಂಬ ಅಂಶವು ಅತಿಯಾಗಿರುವದೆಂದೂ, ಅದು ದೇಹದಲ್ಲಿ ನಯಾಸಿನ್ನಿನ ಕಾರ್ಯಕ್ಕೆ ಅಡ್ಡಬರುವದೆಂದೂ 1960 ರಲ್ಲಿ ಅವರು ಪ್ರಕಟಿಸಿದರು. ಬೇರೆ ಪ್ರಯೋಗಶಾಲೆಗಳವರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ವಾದವು ಇಂದಿಗೂ ತೀರಿಲ್ಲ. ಆದರೆ ತಮ್ಮೆದುರಿನ ರೋಗಿಯು ಉಂಡ ರೊಟ್ಟಿಯಿಂದಲೇ ಪ್ರಶ್ನೆಯನ್ನು ಎತ್ತಿದ ಅವರ ಮಾರ್ಗವು ಗೋಲ್ಡ್‌ಬರ್ಗರನದೇ ಆಗಿತ್ತು.

ಈ ಮಾತನ್ನು ಕೇಳಿ ಜೋಳದ ರೊಟ್ಟಿಯ ಮೇಲೆ ಯಾರೂ ಸಂಶಯಪಡಬೇಕಾಗಿಲ್ಲ. ವಿಜಯಪುರ ಕಲಬುರ್ಗಿಗಳ ಸಂಸಾರವಂದಿಗರ ತಾಟಿನಲ್ಲಿ ರೊಟ್ಟಿಯೊಡನೆ ತೊಗರಿಬೇಳೆಯಿದೆ, ಪುಂಡಿಪಲ್ಯವಿದೆ, ಶೇಂಗಾದ ಹಿಂಡಿಯಿದೆ, ಮಜ್ಜಿಗೆಯಿದೆ. ಉಪಾಧಿಯು ರೊಟ್ಟಿಯಲ್ಲಿಲ್ಲ, ರೊಟ್ಟಿಯ ಪಕ್ಕದಲ್ಲಿ ಏನೂ ಇಲ್ಲದೆ ಇರುವದರಲ್ಲಿದೆ. ಉಳ್ಳಾಗಡ್ಡಿಯನ್ನೂ ಮೆಣಸಿನಕಾಯಿಯನ್ನೂ ಕಡಿದುಕೊಂಡು ರೊಟ್ಟಿ ತಿಂದು ಬಿಸಿಲಿಗೆ ಹೋಗುವ ಕೂಲಿಯವನ ಮೈಮೇಲೆ ರೋಗವು ಮೂಡುತ್ತಿತ್ತು. ಊಟದಲ್ಲಿ ಬಗೆಬಗೆಯ ಪದಾರ್ಥಗಳು ಸೇರುತ್ತ ಬಂದಂತೆ, ಕಡಿಮೆ ಬೆಲೆಯ ಅಕ್ಕಿಯೂ ಬಡವರಿಗೆ ದೊರೆತಂತೆ, ಪೆಲ್ಲಾಗ್ರವು ಈ ಸೀಮೆಯಲ್ಲಿ ಅಪರೂಪವಾಯಿತು.

ಶೇಂಗಾದ ಮಾತು ಬಂದುದರಿಂದ ಮತ್ತೊಂದು ಪ್ರಸಂಗವನ್ನು ಹೇಳಲೇಬೇಕಾಗಿದೆ. ಇದು ಹಳೆಯ ಕಾಲದ್ದಲ್ಲ. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ ಯುದ್ಧವು ನಡೆದು, ಲಕ್ಷಾಂತರ ಜನರು ನೆರೆಯ ಮಲಾವಿ ದೇಶಕ್ಕೆ ಓಡಿಬಂದು ಶಿಬಿರಗಳಲ್ಲಿ ಆಶ್ರಯ ಪಡೆದಿದ್ದರು. ಜಗತ್ತಿನ ನಾನಾ ದೇಶಗಳು ಕಳಿಸಿದ ಧಾನ್ಯದಿಂದ ಅವರ ಊಟವು ಸಾಗುತ್ತಿತ್ತು. ಮುಖ್ಯ ಧಾನ್ಯವು ಗೋವಿನಜೋಳ. ಅದರೊಡನೆ ಕಾಳು, ಎಣ್ಣೆ, ಶೇಂಗಾ. ನಯಾಸಿನ್ ಅವರಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ಶೇಂಗಾದಿಂದ. 1989 ರಲ್ಲಿ ಶೇಂಗಾದ ಸರಬರಾಯಿಯು ಕಡಿದುಹೋಯಿತು. ಚೀಲಗಳ ಲೆಕ್ಕದಲ್ಲಿ ಅದೊಂದು ಚಿಕ್ಕ ಕೊರತೆ. ಹೊಟ್ಟೆಗೆ ಹಿಟ್ಟು ಇದ್ದೇ ಇತ್ತು. ಆದರೆ 1990 ರ ಫೆಬ್ರುವರಿಯಿಂದ ಅಕ್ಟೋಬರಿನ ವರೆಗೆ ಸುಮಾರು 18 ಸಾವಿರ ಜನರಲ್ಲಿ ಪೆಲ್ಲಾಗ್ರವು ಕಾಣಿಸಿಕೊಂಡಿತು. ಇಲ್ಲಿಯೂ ಗಂಡಸರಿಗಿಂತ ಹೆಂಗಸರೇ ಎಷ್ಟೋ ಪಾಲು ಹೆಚ್ಚು. ಕಾರಣವೂ ಮದ್ದೂ ತಿಳಿದು ಐವತ್ತು ವರ್ಷಗಳಾಗಿದ್ದವು. ಅದು ತಿಳಿದಿದ್ದು ಪುಸ್ತಕದಲ್ಲಿ. ಚೀಲಗಳನ್ನು ಎಣಿಸುವವರ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ವಿಚಾರಣೆಗೆ ಬಂದ ವೈದ್ಯರು ರೋಗವಿದ್ದ ಮನೆಯವರನ್ನೂ ಇಲ್ಲದ ಮನೆಯವರನ್ನೂ ಜೊತೆಜೊತೆಯಾಗಿ ನಿಲ್ಲಿಸಿ ಪ್ರಶ್ನಿಸಿದರು. ನೆರವಿನ ಧಾನ್ಯವು ಇಬ್ಬರಿಗೂ ಬಂದಿತ್ತು. ಆದರೆ ಗುಡಿಸಲ ಬದಿಯ ತುಂಡು ನೆಲದಲ್ಲಿ ಶೇಂಗಾ ಹಾಕಿಕೊಂಡಿದ್ದ ಮನೆಯವರು ಬಹುಮಟ್ಟಿಗೆ ಪಾರಾಗಿದ್ದರು. ಇಡಿಯ ಕಾಳನ್ನು ತಂದು ತಮ್ಮ ಮನೆಯಲ್ಲಿಯೇ ಕುಟ್ಟಿ ಬೀಸಿಕೊಂಡ ಹೆಂಗಸರ ಮನೆಗಳಲ್ಲಿಯೂ ರೋಗವು ಕಡಿಮೆಯಾಗಿತ್ತು.